ಉಜ್ಬೆಕ್ ಜಾನಪದ ಹಾಡನ್ನು ಕಾನ್ಸರ್ಟ್ ಬ್ಯಾಂಡಿಗೆ ಕೂರಿಸುವುದು: ತಾಳದಿಂದ ಶುರು, ಹಾರ್ಮೊನಿ ಕಟ್ಟಕಡೆಗೆ

“ಉಜ್ಬೆಕ್ ಹಾಡೊಂದನ್ನು ಬ್ಯಾಂಡಿಗೆ ಬರೆದಿದ್ದೇವೆ. ಸ್ವರ ಎಲ್ಲ ಸರಿ ಇದೆ, ಆದರೆ ಯಾಕೋ ಸಿನಿಮಾದ ಒಂಟೆ ಸವಾರಿಯ ಹಿನ್ನೆಲೆ ಸಂಗೀತದ ಹಾಗೆ ಕೇಳುತ್ತದೆ, ಸ್ವಲ್ಪ ನೋಡಿ ಕೊಡಿ.” ಕಾನ್ಸರ್ಟ್ ಬ್ಯಾಂಡುಗಳಿಂದ, ಅಂದರೆ ಊದುವ ಮತ್ತು ಬಡಿಯುವ ವಾದ್ಯಗಳ ಮೇಳಗಳಿಂದ, ಹೀಗೆ ಬರುವ ಸ್ಕೋರುಗಳನ್ನು (ಇಡೀ ಮೇಳದ ಸ್ವರಲಿಪಿ) ತೆರೆದಾಗಲೆಲ್ಲ ಕಾಣುವುದು ಒಂದೇ ತಪ್ಪು. ಬರೆದವರು ರಾಗವನ್ನು ಕೀಬೋರ್ಡಿನಲ್ಲಿ ಹುಡುಕಿದ್ದಾರೆ, ಅದರ ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಜೋಡಿಸಿದ್ದಾರೆ, ಆಮೇಲೆ ವಾದ್ಯಗಳಿಗೆ ಹಂಚಿದ್ದಾರೆ, ತಾಳವಾದ್ಯವನ್ನು ಕೊನೆಯಲ್ಲಿ ಒಗ್ಗರಣೆ ಹಾಕಿದ ಹಾಗೆ ಸೇರಿಸಿದ್ದಾರೆ. ಈ ಸಂಗೀತಕ್ಕೆ ಆ ಕ್ರಮ ತಿರುವುಮುರುವು. ಮೊದಲು ತಾಳದ ಆವರ್ತನೆ, ನಂತರ ಬಾಯಲ್ಲಿ ಹಾಡು, ಆಮೇಲೆ ಅದರ ಏರಿಳಿತದ ಆಕಾರ, ಬಳಿಕ ವಾದ್ಯದ ಬಣ್ಣ. ಹಾರ್ಮೊನಿ ಕಟ್ಟಕಡೆಗೆ. ಕೆಳಗಿನ ಹಂತಗಳಲ್ಲಿ ಒಂದನ್ನು ಹಾರಿಸಿ ಮುಂದೆ ಹೋದರೆ ತಪ್ಪು ಅಲ್ಲಿ ಕಾಣಿಸದೆ ಎರಡು ಹಂತ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಹುಡುಕಲು ಕಷ್ಟವಾಗುವುದು ಅದಕ್ಕೇ.

## ಕೆಲಸಕ್ಕೆ ಕೂರುವ ಮೊದಲು ಬೇಕಾದವು

ಒಳ್ಳೆಯ ಹೆಡ್‌ಫೋನ್. ಶ್ರುತಿ ಬದಲಾಗದಂತೆ ಧ್ವನಿಮುದ್ರಣವನ್ನು ನಿಧಾನಗೊಳಿಸುವ ಯಾವುದಾದರೂ ತಂತ್ರಾಂಶ. ಸ್ವರಲಿಪಿ ಬರೆಯಲು ಮ್ಯೂಸ್‌ಸ್ಕೋರ್ ಸಾಕು. ಶ್ರುತಿ ಪೆಟ್ಟಿಗೆ ಅಥವಾ ಅದರ ಆ್ಯಪ್. ಸಾಧ್ಯವಾದರೆ ಒಂದು ದೊಯ್ರಾ. ಒಳ ಅಂಚಿನ ಸುತ್ತ ಲೋಹದ ಉಂಗುರಗಳಿರುವ, ಸುಮಾರು 40 ಸೆಂಟಿಮೀಟರ್ ಅಗಲದ ಉಜ್ಬೆಕ್ ಚೌಕಟ್ಟು ವಾದ್ಯ ಅದು. ಸಿಗದಿದ್ದರೆ ಏನು ಮಾಡಬೇಕೆಂದು ನಾಲ್ಕನೇ ಹಂತದಲ್ಲಿ ಹೇಳಿದ್ದೇನೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ನಿಮ್ಮ ಬ್ಯಾಂಡಿನ ನಿಜವಾದ ಪಟ್ಟಿ. “ಟ್ರಂಪೆಟ್ 3” ಎಂದು ಬರೆದುಕೊಂಡರೆ ಸಾಲದು. ಮೊದಲನೆಯವರು ಎಷ್ಟು ಮೇಲೆ ಹೋಗುತ್ತಾರೆ, ಮೂರನೆಯವರು ಯಾವ ಸ್ವರದಲ್ಲಿ ತಡವರಿಸುತ್ತಾರೆ, ಓಬೊ ಇದೆಯೇ, ಇದ್ದರೆ ನುಡಿಸುವವರು ಪ್ರತಿ ತಾಲೀಮಿಗೂ ಬರುತ್ತಾರೆಯೇ ಎಂಬುದೂ ಅದರಲ್ಲಿರಲಿ.

## ಹಂತ 1: ಹಾಡನ್ನು ಆರಿಸುವುದು

ಉಜ್ಬೆಕ್ ಸಂಗೀತವನ್ನು ಸಾಮಾನ್ಯವಾಗಿ ನಾಲ್ಕು ಪ್ರಾದೇಶಿಕ ಶೈಲಿಗಳಾಗಿ ನೋಡುತ್ತಾರೆ: ಫರ್ಗಾನಾ–ತಾಷ್ಕೆಂಟ್, ಬುಖಾರಾ–ಸಮರ್ಖಂಡ್, ಸುರ್ಖಂದರ್ಯಾ–ಕಶ್ಕದರ್ಯಾ ಮತ್ತು ಖೊರೆಜ್ಮ್. ನಾಲ್ಕರ ನಡೆಯೂ ಬೇರೆ ಬೇರೆ. ಖೊರೆಜ್ಮಿನ ಲಜ್ಗಿ ಕುಣಿತ ನಿಧಾನವಾಗಿ ಶುರುವಾಗಿ ಬಿಸಿಯೇರುತ್ತ ಹೋಗುತ್ತದೆ. ಸುರ್ಖಂದರ್ಯಾ ಕಡೆಯ ಬಖ್ಶಿಗಳು ದೊಂಬ್ರಾ ಎಂಬ ತಂತಿವಾದ್ಯ ಹಿಡಿದು ಗಂಟಲಾಳದ ದನಿಯಲ್ಲಿ ಕಥೆ ಹಾಡುತ್ತಾರೆ. ಒಂದು ತುಣುಕು ಇಲ್ಲಿಂದ, ಒಂದು ಅಲ್ಲಿಂದ ತೆಗೆದು “ಉಜ್ಬೆಕ್ ಮೆಡ್ಲೆ” ಮಾಡುವುದು ಯಕ್ಷಗಾನದ ಪದ್ಯಕ್ಕೆ ಗೀಗೀ ಪದ ಅಂಟಿಸಿದ ಹಾಗೆ. ಮೊದಲ ಪ್ರಯತ್ನಕ್ಕೆ ಒಂದೇ ಪ್ರದೇಶ, ಒಂದೇ ಹಾಡು.

ಪ್ರಕಾರವನ್ನೂ ನೋಡಿ. ಯಲ್ಲಾ ಕುಣಿತದ ಹಾಡು; ಒಬ್ಬರು ಚರಣ ಹಾಡಿದರೆ ಉಳಿದವರು ಪಲ್ಲವಿ ಹಿಡಿಯುತ್ತಾರೆ. ಲಪರ್ ಸವಾಲು–ಜವಾಬಿನ ಹಾಡು. ಕೊಶಿಕ್ ಚಿಕ್ಕ ಸ್ವರವ್ಯಾಪ್ತಿಯ ಸರಳ ಹಾಡು. ಬ್ಯಾಂಡಿಗೆ ಹೊಸಬರಾದವರಿಗೆ ಈ ಮೂರು ಸರಿಯಾಗಿ ಕೂರುತ್ತವೆ. ಅಶುಲಾ ವಿಸ್ತಾರವಾದದ್ದು, ಉಸಿರು ಬೇಡುತ್ತದೆ. ಅದು ಎರಡನೇ ಪ್ರಯತ್ನಕ್ಕೆ. ಫರ್ಗಾನಾ ಕಣಿವೆಯ ಕತ್ತಾ ಅಶುಲಾವನ್ನು ಸದ್ಯಕ್ಕೆ ಮುಟ್ಟಬೇಡಿ. ಬಾಯಿಯ ಬಳಿ ತಟ್ಟೆ ಹಿಡಿದು, ವಾದ್ಯದ ನೆರವಿಲ್ಲದೆ, ಎಣಿಕೆಯ ತಾಳವೂ ಇಲ್ಲದೆ ಗಂಟಲು ಬಿಚ್ಚಿ ಹಾಡುವ ಪ್ರಕಾರ ಅದು. ನಲವತ್ತು ಜನ ಬ್ಯಾಟನ್ ನೋಡಿಕೊಂಡು ನುಡಿಸುವ ಮೇಳಕ್ಕೂ ಅದಕ್ಕೂ ಹೊಂದುವುದಿಲ್ಲ.

ಎಚ್ಚರಿಕೆಯ ಸೂಚನೆ: ಎಲ್ಲರೂ “ಜಾನಪದ” ಎನ್ನುವ ಹಾಡು ನಿಜಕ್ಕೂ ಜಾನಪದವೇ ಆಗಿರಬೇಕಿಲ್ಲ. ಉಜ್ಬೆಕಿಸ್ತಾನದಲ್ಲಿ ಬಸ್ತಕೊರ್ ಎಂಬ ಪರಂಪರೆಯಿದೆ. ಸಾಂಪ್ರದಾಯಿಕ ಶೈಲಿಯಲ್ಲೇ ಹೊಸ ಹಾಡು ಕಟ್ಟುವವರು. 20ನೇ ಶತಮಾನದ ಬಸ್ತಕೊರ್‌ಗಳು ಕಟ್ಟಿದ ಎಷ್ಟೋ ಹಾಡುಗಳು ಜನರ ಬಾಯಲ್ಲಿ ಜಾನಪದವಾಗಿವೆ, ಆದರೆ ಹಕ್ಕು ಇನ್ನೂ ಜೀವಂತವಾಗಿರಬಹುದು. ಭಾರತದ ಕಾನೂನಿನಲ್ಲಿ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಯೂನುಸ್ ರಜಬಿ 1950ರ ದಶಕದಲ್ಲಿ ಸಂಪುಟಗಳಾಗಿ ಹೊರತಂದ ಉಜ್ಬೆಕ್ ಜನಪದ ಸಂಗೀತದ ಸಂಗ್ರಹದಂತಹ ಮೂಲದಲ್ಲಿ ಹಾಡು ಸಿಕ್ಕರೆ ಹೆಸರನ್ನು, ಪ್ರದೇಶವನ್ನು ತಾಳೆ ನೋಡಿ. ಹಳೆಯ ಪುಸ್ತಕಗಳು ಸಿರಿಲಿಕ್ ಲಿಪಿಯಲ್ಲಿವೆ, ಈಗಿನ ಬರಹ ಹೆಚ್ಚಾಗಿ ಲ್ಯಾಟಿನ್ ಲಿಪಿಯಲ್ಲಿದೆ. ಎರಡರಲ್ಲೂ ಹುಡುಕದಿದ್ದರೆ ಅರ್ಧ ಮಾಹಿತಿ ಕೈತಪ್ಪುತ್ತದೆ. ಇನ್ನೊಬ್ಬರ ವಾದ್ಯಮೇಳದ ಅಳವಡಿಕೆಯನ್ನು ಕೇಳಿ ಅದರ ಹಾರ್ಮೊನಿ ಎತ್ತಿಕೊಂಡರೆ ಹಾಡು ಜನಪದವಾಗಿದ್ದರೂ ಅದು ಕಳವೇ.

## ಹಂತ 2: ಕೇಳಿ, ತಟ್ಟಿ, ಹಾಡಿ, ಆಮೇಲೆ ಬರೆಯಿರಿ

ಒಂದೇ ಹಾಡಿನ ಕನಿಷ್ಠ ಮೂರು ಧ್ವನಿಮುದ್ರಣ ಹುಡುಕಿ. ಅವುಗಳಲ್ಲಿ ಒಂದಾದರೂ ಸಿಂಥಸೈಜರ್ ಇಲ್ಲದ್ದಾಗಿರಲಿ. ಇಂದಿನ ಮದುವೆಯ ರೆಕಾರ್ಡಿಂಗುಗಳಲ್ಲಿ ಕೀಬೋರ್ಡ್ ತನ್ನದೇ ಕಾರ್ಡುಗಳನ್ನು ತುಂಬಿಬಿಟ್ಟಿರುತ್ತದೆ. ಅದನ್ನೇ ಮೂಲವೆಂದು ನಂಬಿದವರ ಸ್ಕೋರು ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ಮೊದಲ ಕೇಳುವಿಕೆ ಉಸುಲ್‌ಗೆ ಮಾತ್ರ. ಉಸುಲ್ ಎಂದರೆ ತಾಳದ ಆವರ್ತನೆ. ದೊಯ್ರಾ ನುಡಿಸುವವರು ಅದನ್ನು ನಮ್ಮ ಸೊಲ್ಲುಕಟ್ಟಿನ ಹಾಗೆ ಬಾಯಲ್ಲಿ ಹೇಳುತ್ತಾರೆ: ಚರ್ಮದ ನಡುಭಾಗದ ತುಂಬು ದನಿಗೆ “ಬುಂ”, ಅಂಚಿನ ತೆಳು ದನಿಗೆ “ಬಕ್”, ಎರಡು ಬೇಗನೆ ಬಂದರೆ “ಬಕ”. ರಾಗವನ್ನು ಪೂರ್ತಿ ಮರೆತು, ಬುಂ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಹಿಡಿಯಿರಿ. ಬಲಗೈಯಿಂದ ಎದೆ ತಟ್ಟಿದರೆ ಬುಂ, ಎಡಗೈಯಿಂದ ತೊಡೆ ತಟ್ಟಿದರೆ ಬಕ್. ಐದು ನಿಮಿಷ ನಿಲ್ಲಿಸದೆ ತಟ್ಟಲು ಬಂದ ಮೇಲೆ ಕಾಗದ ತೆಗೆದುಕೊಳ್ಳಿ.

ಇಲ್ಲಿ ಹೆಚ್ಚು ಜನ ಜಾರುವುದು ಎರಡು ಕಡೆ. ಒಂದು, ಉಫಾರ್. ಇದು ಕುಣಿತದ ನಡೆ, ಆರು ಚುರುಕು ಮಾತ್ರೆಗಳದ್ದು. ಇದನ್ನು 3/4 ಎಂದು ಬರೆದರೆ ಆಟಗಾರರ ತಲೆಯಲ್ಲಿ ವಾಲ್ಟ್ಸ್ ಕೂತುಬಿಡುತ್ತದೆ. 6/8 ಎಂದು ಬರೆಯಿರಿ. ಮೂರು ಮೂರಾಗಿ ಬಡಿಯುವ ತಾಳದ ಮೇಲೆ ರಾಗ ಆಗಾಗ ಎರಡು ಎರಡಾಗಿ ಮುರಿಯುವ ಜಗ್ಗಾಟ ಬರುವ ಕಡೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಗುರುತಿಸಿ. ಆ ಜಾಗಗಳನ್ನು ಮುಂದೆ ಯಾವ ಕಾರಣಕ್ಕೂ ನಯ ಮಾಡಬಾರದು.

ಎರಡನೆಯದು ಕುಂಟುನಡೆಯ ಉಸುಲ್‌ಗಳು. ಬುಖಾರಾದ ಶಷ್‌ಮಕೊಮ್ ಎಂಬ ಶಾಸ್ತ್ರೀಯ ಸಂಗೀತ ಪರಂಪರೆಯ ತಲ್ಕಿನ್ ಇದಕ್ಕೆ ಒಳ್ಳೆಯ ಉದಾಹರಣೆ: ಒಂದು 3/4, ಅದರ ಬಾಲಕ್ಕೆ ಒಂದು 3/8. ಕೂಡಿದರೆ ಒಂಬತ್ತು ನಿಜ, ಆದರೆ 9/8 ಎಂದು ಬರೆದರೆ ಕಂಡಕ್ಟರ್ ಮೂರು–ಮೂರು–ಮೂರು ಎಂದು ಕೈ ಬೀಸುತ್ತಾರೆ. ಈ ತಪ್ಪನ್ನು ನಾನೇ ಮಾಡಿದ್ದೇನೆ. ತಾಷ್ಕೆಂಟಿನಿಂದ ಓದಲು ಬಂದಿದ್ದ ಹುಡುಗನೊಬ್ಬ ಪೂರ್ತಿ ಕೇಳಿ, ಬಹಳ ಮರ್ಯಾದೆಯಿಂದ, “ವಾಲ್ಟ್ಸ್ ಚೆನ್ನಾಗಿದೆ ಸರ್” ಎಂದ. ಅದು ಎರಡು–ಎರಡು–ಎರಡು–ಮೂರು. ನಮ್ಮವರಿಗೆ ಹೇಳಿಕೊಡುವುದು ಸುಲಭ: ತಕ ತಕ ತಕ ತಕಿಟ. ನಾಲ್ಕು ಬೀಸು, ಕೊನೆಯದು ತುಸು ಉದ್ದ. ಸ್ಕೋರಿನಲ್ಲಿ ಪ್ರತಿ ಬಾರ್‌ನ ಮೇಲೂ 2+2+2+3 ಎಂದು ಬರೆದುಬಿಡಿ.

ಎರಡನೇ ಕೇಳುವಿಕೆ ಅಸ್ಥಿಪಂಜರಕ್ಕೆ. ಗಮಕಗಳನ್ನೆಲ್ಲ ಬದಿಗಿಟ್ಟು, ರಾಗದ ಮುಖ್ಯ ಸ್ವರಗಳನ್ನು ಮಾತ್ರ ಬರೆಯಿರಿ. ಮೂರನೆಯದು ಅಲಂಕಾರಕ್ಕೆ. ಉಜ್ಬೆಕ್ ಗಾಯಕರು ಸ್ವರವನ್ನು ಬಿಕ್ಕಿದಂತೆ ಅಲುಗಿಸುವುದನ್ನು ನೊಲಾ ಎನ್ನುತ್ತಾರೆ. ಪಕ್ಕದ ಸ್ವರವನ್ನು ಚಕ್ಕನೆ ಮುಟ್ಟಿ ತಪ್ಪಿಸಿಕೊಳ್ಳುವುದು ಕೊಚಿರಿಮ್. ನಮ್ಮ ಕಂಪಿತ, ಸ್ಫುರಿತಗಳಿಗೆ ದೂರದ ಬಂಧುಗಳು, ಆದರೆ ಅವೇ ಅಲ್ಲ. ಕರ್ನಾಟಕ ಸಂಗೀತ ಕಲಿತವರು ಇಲ್ಲಿ ಗಮಕ ಹೆಚ್ಚು ಮಾಡಿ ಕೆಡಿಸುತ್ತಾರೆ, ಪಿಯಾನೊ ಕಲಿತವರು ಪೂರ್ತಿ ಬಿಟ್ಟು ಕೆಡಿಸುತ್ತಾರೆ.

ಪದಗಳನ್ನೂ ಬರೆದುಕೊಳ್ಳಿ. ಉಜ್ಬೆಕ್ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯ ಅಕ್ಷರದ ಮೇಲೆ. ಜನಪದ ಹಾಡಿನ ಸಾಲು ಹೆಚ್ಚಾಗಿ ಏಳೆಂಟು ಅಕ್ಷರದ್ದು. ನಿಮ್ಮ ಬ್ಯಾಂಡು ಹಾಡುವುದಿಲ್ಲ ನಿಜ, ಆದರೆ ನಾಲಿಗೆ ಎಲ್ಲಿ ಹೊಡೆಯಬೇಕು, ಎಲ್ಲಿ ಸ್ವರ ಕೂಡಿಸಬೇಕು ಎಂಬುದನ್ನು ತೀರ್ಮಾನಿಸುವುದು ಪದಗಳೇ. ಪ್ರತಿ ಬಾರ್‌ನ ಮೊದಲ ಸ್ವರಕ್ಕೆ ಆ್ಯಕ್ಸೆಂಟ್ ಹಾಕಿದ ಸ್ಕೋರು ಕಂಡರೆ ಬರೆದವರು ಪದ ಓದಿಲ್ಲ ಎಂದು ಗೊತ್ತಾಗುತ್ತದೆ.

ದಾಟುವ ಮೊದಲು ಪರೀಕ್ಷೆ: ಕೈಯಲ್ಲಿ ಉಸುಲ್ ತಟ್ಟುತ್ತ ಬಾಯಲ್ಲಿ ಹಾಡನ್ನು ಪೂರ್ತಿ ಹಾಡಬೇಕು. ಕೈ ನಿಂತರೆ ಅಥವಾ ಹಾಡಿನ ಎತ್ತುಗಡೆ ತಪ್ಪಿದರೆ ಮುಂದೆ ಹೋಗಬೇಡಿ.

## ಹಂತ 3: ಮನೆ ಸ್ವರ, ಮೇಳ, ಮತ್ತು ಬ್ಯಾಂಡಿನ ಶ್ರುತಿ

ಶ್ರುತಿ ಪೆಟ್ಟಿಗೆ ಹಚ್ಚಿ ಹಾಡು ಎಲ್ಲಿ ಬಂದು ನೆಮ್ಮದಿಯಾಗಿ ಕೂರುತ್ತದೆ ನೋಡಿ. ಅದೇ ಷಡ್ಜ. ಈ ಕೆಲಸದಲ್ಲಿ ಕನ್ನಡದ ಕಿವಿಗೆ ಒಂದು ಅನುಕೂಲವಿದೆ. ಉಜ್ಬೆಕ್ ಜನಪದ ರಾಗಗಳು ಬಹುಪಾಲು ಏಳು ಸ್ವರಗಳ ಸರಳ ಮೇಳಗಳಲ್ಲೇ ನಡೆಯುತ್ತವೆ: ಖರಹರಪ್ರಿಯ, ಹರಿಕಾಂಭೋಜಿ, ನಠಭೈರವಿ, ಕೆಲವೊಮ್ಮೆ ತೋಡಿ, ಶಂಕರಾಭರಣ. ಸ್ವರಗಳ ಅಂತರ ಗುರುತಿಸಲು ಮಾತ್ರ ಈ ಹೆಸರು ಬಳಸಿ; ರಾಗಭಾವವನ್ನು ಎಳೆದು ತರಬೇಡಿ.

ಒಂಟೆ ಸವಾರಿಯ ದೋಷ ಹುಟ್ಟುವುದು ಇಲ್ಲೇ. “ಏಷ್ಯಾದ ಸಂಗೀತ” ಎಂದ ಕೂಡಲೇ ಮಾಯಾಮಾಳವಗೌಳದ ರಿ–ಗ ಅಂತರ, ದ–ನಿ ಅಂತರ ತುರುಕುವ ಚಾಳಿ ಹಾಲಿವುಡ್ಡಿನಿಂದ ಬಂದದ್ದು. ನೀವು ಬರೆದುಕೊಂಡ ರಾಗದಲ್ಲಿ ಆ ಅಂತರ ಇಲ್ಲದಿದ್ದರೆ ಪರಿಚಯದ ಭಾಗದಲ್ಲಾಗಲಿ, ಎರಡು ಭಾಗಗಳನ್ನು ಜೋಡಿಸುವ ಕಡೆಯಲ್ಲಾಗಲಿ, ಎಲ್ಲೂ ಸೇರಿಸಬಾರದು.

ಇನ್ನು ಶ್ರುತಿ. ಬ್ಯಾಂಡಿನ ಬಹುಪಾಲು ವಾದ್ಯಗಳು ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ವಾದ್ಯಗಳಾದ್ದರಿಂದ ಫ್ಲ್ಯಾಟ್ ಕಡೆಯ ಶ್ರುತಿಗಳೇ ಹಿತ. ಖರಹರಪ್ರಿಯದ ಅಂತರವಿರುವ ಹಾಡಿಗೆ ಮನೆ ಸ್ವರವನ್ನು ಕಾನ್ಸರ್ಟ್ ಸಿ (ಕಿವಿಗೆ ನಿಜವಾಗಿ ಕೇಳುವ ಸಿ) ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಆಗ ಕೊಳಲು, ಟ್ರಾಂಬೋನ್, ಟ್ಯೂಬಾಗಳಿಗೆ ಎರಡು ಫ್ಲ್ಯಾಟ್. ಕ್ಲಾರಿನೆಟ್, ಟ್ರಂಪೆಟ್, ಟೆನರ್ ಸ್ಯಾಕ್ಸಿಗೆ ಮನೆ ಸ್ವರ ಡಿ, ಚಿಹ್ನೆಯೇ ಇಲ್ಲ. ಆಲ್ಟೊ ಸ್ಯಾಕ್ಸಿಗೆ ಎ, ಒಂದು ಶಾರ್ಪ್. ಹಾರ್ನಿಗೆ ಜಿ, ಒಂದು ಫ್ಲ್ಯಾಟ್. ಯಾರಿಗೂ ನೋವಿಲ್ಲ. ಮೂಲ ಗಾಯಕಿ ಇ ಶ್ರುತಿಯಲ್ಲಿ ಹಾಡಿದ್ದಾರೆಂದು ಇ ಇಟ್ಟರೆ ಆಲ್ಟೊ ಸ್ಯಾಕ್ಸಿಗೆ ಐದು ಶಾರ್ಪ್ ಬೀಳುತ್ತವೆ, ತಾಲೀಮಿನ ಮೊದಲ ಒಂದು ಗಂಟೆ ಅದರಲ್ಲೇ ಮುಗಿಯುತ್ತದೆ.

### ಏರುವ ಆಕಾರವನ್ನು ಗುರುತಿಸುವುದು

ಉಜ್ಬೆಕ್ ಹಾಡು ಬೆಟ್ಟ ಹತ್ತಿ ಇಳಿಯುತ್ತದೆ, ಮತ್ತು ಪ್ರತಿ ತಿರುವಿಗೂ ಹೆಸರಿದೆ. ತಳದಲ್ಲಿ ಶುರುವಾಗುವುದು ದರೊಮದ್. ನಾಲ್ಕೈದು ಸ್ವರ ಮೇಲೆ ಹೋದರೆ ಮಿಯೊನ್‌ಖತ್. ಮೇಲಿನ ಸ್ಥಾಯಿಯಲ್ಲಿ ಅದೇ ಮಾತು ಮತ್ತೆ ಬಂದರೆ ದುನಸ್ರ್. ತುತ್ತತುದಿ ಅವ್ಜ್. ಆಮೇಲೆ ಇಳಿದು ಮನೆ ಸೇರುವುದು ತುಶಿರಿಮ್. ದೊಡ್ಡ ರಚನೆಗಳಲ್ಲಿ ಎಲ್ಲವೂ ಸ್ಪಷ್ಟ; ಚಿಕ್ಕ ಯಲ್ಲಾದಲ್ಲಿ ಎರಡು ಮೂರು ಮಾತ್ರ ಸಿಗಬಹುದು.

ನಿಮ್ಮ ಸ್ಕೋರಿನ ನಕಾಶೆ ಇದೇ ಆಗಬೇಕು. ಬ್ಯಾಂಡಿನವರು ರೂಢಿಯಂತೆ “ಚರಣ, ಪಲ್ಲವಿ, ಶ್ರುತಿ ಏರಿಸು, ಜೋರಾಗಿ ಮುಗಿಸು” ಎಂದು ಬರೆಯುತ್ತಾರೆ. ಆ ಅರ್ಧ ಸ್ವರದ ಶ್ರುತಿ ಏರಿಕೆ ಬೇಡ, ಹಾಡೇ ಏರುತ್ತದೆ. ಮತ್ತು ಅವ್ಜ್‌ನಲ್ಲೇ ಢಂ ಎಂದು ಮುಗಿಸಬಾರದು. ಇಳಿಯಲು ಏರಿದಷ್ಟೇ ಅಲ್ಲದಿದ್ದರೂ ಅದರ ಅರ್ಧದಷ್ಟಾದರೂ ಜಾಗ ಕೊಡಿ. ಜೋರಾದ ಮುಕ್ತಾಯ ಬೇಕೇ ಬೇಕೆಂದರೆ ಹಾಡು ಇಳಿದು ಮುಗಿದ ಮೇಲೆ ಉಫಾರ್ ನಡೆಯ ಕುಣಿತವನ್ನು ಸೇರಿಸಿ. ಶಷ್‌ಮಕೊಮ್‌ನ ಗಾಯನ ಸರಣಿಗಳೂ ಉಫಾರ್‌ನಲ್ಲಿ ಮುಗಿಯುವುದುಂಟು.

## ಹಂತ 4: ತಾಳವಾದ್ಯದ ಸಾಲನ್ನು ಮೊದಲು ಬರೆಯುವುದು

ಸ್ಕೋರಿನಲ್ಲಿ ತಾಳವಾದ್ಯ ಎಲ್ಲಕ್ಕಿಂತ ಕೆಳಗಿರುತ್ತದೆ, ಬರೆಯುವಾಗ ಅದೇ ಮೊದಲು. ಎರಡು ಗೆರೆಯ ಸ್ಟಾಫ್ ತೆಗೆದುಕೊಳ್ಳಿ: ಕೆಳಗಿನ ಗೆರೆ ಬುಂ, ಮೇಲಿನ ಗೆರೆ ಬಕ್. ಇಡೀ ಕೃತಿಯುದ್ದಕ್ಕೂ ದೊಯ್ರಾದ ಸಾಲನ್ನು ಬರೆದು ಮುಗಿಸಿ.

ದೊಯ್ರಾ ಇದ್ದರೆ ಒಬ್ಬರಿಗೆ ಅದೊಂದೇ ಕೆಲಸ ಕೊಡಿ. ಚರ್ಮದ ದೊಯ್ರಾವನ್ನು ಕಾಯಿಸಿ ಬಿಗಿ ಮಾಡುತ್ತಾರೆ. ನಮ್ಮ ಮಳೆಗಾಲದಲ್ಲಿ, ಏಸಿ ಸಭಾಂಗಣದಲ್ಲಿ ಅದು ಹತ್ತೇ ನಿಮಿಷಕ್ಕೆ ಸೊರಗಬಹುದು. ಪಕ್ಕದಲ್ಲಿ ಶಾಖದ ವ್ಯವಸ್ಥೆ ಇರಲಿ, ಇಲ್ಲವೇ ಸಿಂಥೆಟಿಕ್ ಹೊದಿಕೆಯದ್ದನ್ನು ಬಳಸಿ.

ಇಲ್ಲದಿದ್ದರೆ? ಖಂಜಿರದಿಂದ ಕೆಲಸ ನಡೆಯುತ್ತದೆಂದು ಹಲವರು ಭಾವಿಸುತ್ತಾರೆ, ನಡೆಯುವುದಿಲ್ಲ. ಅಂಗೈಯಗಲದ ಖಂಜಿರದ ಬುಂ ಚಿಕ್ಕದು, ಅದರ ಶ್ರುತಿ ಜಾರುತ್ತದೆ. ಆರ್ಕೆಸ್ಟ್ರಾದ ಟ್ಯಾಂಬರೀನ್ ಇನ್ನೂ ಕಷ್ಟ, ಗೆಜ್ಜೆಯ ದನಿಯೇ ಎಲ್ಲವನ್ನೂ ನುಂಗುತ್ತದೆ. ದೊಡ್ಡ ದಫ್ ಅಥವಾ ಫ್ರೇಮ್ ಡ್ರಮ್ ಹತ್ತಿರದ್ದು. ಅದೂ ಇಲ್ಲದಿದ್ದರೆ ಇಬ್ಬರಿಗೆ ಹಂಚಿ: ಬುಂಗೆ ಕೈಯಿಂದ ಬಾರಿಸುವ ಫ್ಲೋರ್ ಟಾಮ್, ಬಕ್‌ಗೆ ತಂತಿ ಸಡಿಲಿಸಿದ ಸ್ನೇರ್‌ನ ಅಂಚು. ಕೋಲು ಬೇಡ, ಬೆರಳು.

ನಗೊರಾ ನಮ್ಮ ನಗಾರಿಯ ಹೆಸರಿನ ಬಂಧುವೇ, ಆದರೆ ಚಿಕ್ಕದು: ಜೋಡಿ ಮಣ್ಣಿನ ಪಾತ್ರೆಗಳ ಒಣ, ಚುರುಕು ದನಿ. ಅದಕ್ಕೆ ಟಿಂಪನಿ ಬರೆದರೆ ದನಿ ತುಂಬಾ ದಪ್ಪ. ಚಿಕ್ಕ ಟಾಮ್ ಜೋಡಿಗೆ ಗಟ್ಟಿ ಕೋಲು ಕೊಡಿ.

ಮಾಡಲೇಬಾರದ್ದು: ಡ್ರಮ್ ಸೆಟ್. ಎರಡು, ನಾಲ್ಕನೇ ಮಾತ್ರೆಗೆ ಸ್ನೇರ್ ಬಿದ್ದ ತಕ್ಷಣ ಉಸುಲ್ ಸತ್ತಂತೆ. ತಾಳದ ಸಾಲು ಮುಗಿದ ಮೇಲೆ ಅದನ್ನೊಂದನ್ನೇ ಪ್ಲೇಬ್ಯಾಕ್ ಮಾಡಿ, ಅದರ ಮೇಲೆ ಹಾಡಿ. ಇಷ್ಟರಿಂದಲೇ ಹಾಡು ನಿಲ್ಲಬೇಕು. ನಿಲ್ಲದಿದ್ದರೆ ಅದರ ಮೇಲೆ ಹದಿನೈದು ಕ್ಲಾರಿನೆಟ್ ಹೇರಿದರೂ ನಿಲ್ಲದು.

## ಹಂತ 5: ಯಾರಿಗೆ ಯಾವ ದನಿ

ಉಜ್ಬೆಕ್ ಮದುವೆ, ಹಬ್ಬಗಳಲ್ಲಿ ಮನೆಯ ಮುಂದೆ ಮೊಳಗುವುದು ಊದುವ ವಾದ್ಯ ಮತ್ತು ಬಡಿಯುವ ವಾದ್ಯಗಳ ಮೇಳವೇ: ಕರ್ನಾಯ್, ಸುರ್ನಾಯ್, ನಗೊರಾ, ದೊಯ್ರಾ. ಹಾಗಾಗಿ ಬ್ಯಾಂಡು ಈ ಸಂಗೀತಕ್ಕೆ ಪೂರ್ತಿ ಪರಕೀಯವಲ್ಲ.

ಕರ್ನಾಯ್: ಎರಡು ಮೀಟರಿನಷ್ಟು ಉದ್ದದ ಹಿತ್ತಾಳೆಯ ಕಹಳೆ. ರಂಧ್ರವಿಲ್ಲ, ಕವಾಟವಿಲ್ಲ, ಕೆಲವೇ ಸಹಜ ಸ್ವರಗಳು. ಇದನ್ನು ಟ್ರಾಂಬೋನುಗಳಿಗೆ ಕೊಡಿ, ಆದರೆ ಸ್ಲೈಡ್ ಅಲ್ಲಾಡಬಾರದು. ಮೊದಲ ಪೊಸಿಷನ್ನಿನಲ್ಲಿ ಬಿ ಫ್ಲ್ಯಾಟ್, ಎಫ್, ಮೇಲಿನ ಬಿ ಫ್ಲ್ಯಾಟ್. ಆರನೆಯದರಲ್ಲಿ ಎಫ್, ಸಿ, ಎಫ್. ಮನೆ ಸ್ವರ ಸಿ ಆಗಿದ್ದರೆ ಆರನೆಯದೇ ಸರಿ. ಸ್ವರದಿಂದ ಸ್ವರಕ್ಕೆ ತುಟಿಯಲ್ಲೇ ಜಾರಲಿ, ಒರಟಾಗಿರಲಿ. ಟ್ರಂಪೆಟ್‌ನಲ್ಲಿ ಮಿಲಿಟರಿ ಫ್ಯಾನ್‌ಫೇರ್ ಬರೆದು ಇದೇ ಕರ್ನಾಯ್ ಎನ್ನುವವರಿದ್ದಾರೆ. ಎರಡೂ ಕಹಳೆಯೇ ಆದರೂ ಒಂದು ಆಕಳಿಸುತ್ತದೆ, ಇನ್ನೊಂದು ಸಲಾಮು ಹೊಡೆಯುತ್ತದೆ.

ಸುರ್ನಾಯ್: ಉತ್ತರ ಕರ್ನಾಟಕದ ಸನಾದಿಯ ಕುಲದ್ದು. ಒಂಟಿ ಓಬೊ ಸಾಲದು. ಓಬೊ, ಇ ಫ್ಲ್ಯಾಟ್ ಕ್ಲಾರಿನೆಟ್, ಸೊಪ್ರಾನೊ ಸ್ಯಾಕ್ಸ್ ಮೂರನ್ನೂ ಏಕದನಿಯಲ್ಲಿ ಇಡಿ. ಓಬೊ ಇಲ್ಲದ ಬ್ಯಾಂಡಿಗೆ ಸ್ಟ್ರೈಟ್ ಮ್ಯೂಟ್ ಹಾಕಿದ ಒಂದು ಟ್ರಂಪೆಟ್ ಸೇರಿಸಿ.

ಕೋಶ್‌ನಾಯ್: ಜೋಡಿ ಪೀಪಿ. ಎರಡು ನಾಳಗಳು ಕೂದಲೆಳೆಯಷ್ಟು ಬೇರೆಯಾಗಿ ನುಡಿದು ದನಿ ನಡುಗುತ್ತದೆ. ಇಬ್ಬರು ಕ್ಲಾರಿನೆಟ್‌ನವರಿಗೆ ಒಂದೇ ಸಾಲು ಕೊಟ್ಟು, ಒಬ್ಬರಿಗೆ ಬ್ಯಾರೆಲ್ ತುಸು ಹೊರಗೆಳೆಯಲು ಹೇಳಿ. ಬ್ಯಾಂಡ್ ಮಾಸ್ಟರ್ ಮುಖ ಸಿಂಡರಿಸುತ್ತಾರೆ, ಒಪ್ಪಿಸಿ.

ದುತಾರ್: ಎರಡೇ ತಂತಿ, ಒಂದು ರಾಗಕ್ಕೆ, ಇನ್ನೊಂದು ಕೆಳಗೆ ನಾಲ್ಕನೆಯ ಅಥವಾ ಐದನೆಯ ಸ್ವರವಾಗಿ ಜೊತೆ ಕೊಡುತ್ತದೆ. ಕ್ಲಾರಿನೆಟ್‌ನ ತಗ್ಗು ಸ್ಥಾಯಿ, ಟೆನರ್ ಸ್ಯಾಕ್ಸ್, ಜೊತೆಗೆ ಮರಿಂಬಾ ಅಥವಾ ಸ್ಟ್ರಿಂಗ್ ಬಾಸಿನ ಮೀಟು ಸೇರಿದರೆ ಹತ್ತಿರ ಬರುತ್ತದೆ. ಕೋಲಿನಿಂದ ತಂತಿ ಬಡಿಯುವ ವಾದ್ಯವಾದ ಚಂಗ್‌ನ ಮಿಣುಕಿಗೆ ಗಟ್ಟಿ ಬಡಿಗೆಯ ವೈಬ್ರಾಫೋನ್ ಸಾಕು, ಮೋಟಾರ್ ಆಫ್ ಇರಲಿ.

ಈಗ ಏರುವ ಆಕಾರವನ್ನು ಹಂಚುವುದು. ಮನೆ ಸ್ವರ ನಡು ಸಿ ಎಂದುಕೊಳ್ಳಿ. ದರೊಮದ್ ಕ್ಲಾರಿನೆಟ್‌ನ ತಗ್ಗಿನಲ್ಲಿ ಸೊಗಸು. ಹಾಡು ಎಫ್, ಜಿಗೆ ಏರಿದಾಗ ಅದೇ ಕ್ಲಾರಿನೆಟ್ ತನ್ನ ಗಂಟಲು ಸ್ವರಗಳಿಗೆ ಬಂದು ಬೀಳುತ್ತದೆ. ಬರೆದ ಜಿ, ಎ, ಬಿ ಫ್ಲ್ಯಾಟ್ ಆ ವಾದ್ಯದ ಅತಿ ಬಡ ಜಾಗ. ಮಿಯೊನ್‌ಖತ್ ಸಪ್ಪೆಯಾಗುವುದು ಹೆಚ್ಚಾಗಿ ಇದರಿಂದಲೇ. ಅಲ್ಲಿ ಆಲ್ಟೊ ಸ್ಯಾಕ್ಸಿಗೆ ಕೈದಾಟಿಸಿ, ಅದಕ್ಕೆ ಅದು ಹಿತವಾದ ಸ್ಥಾಯಿ. ದುನಸ್ರ್‌ಗೆ ಟ್ರಂಪೆಟ್ ಮತ್ತು ಸುರ್ನಾಯ್ ಗುಂಪು. ಅವ್ಜ್‌ಗೆ ಕೊಳಲು, ಇ ಫ್ಲ್ಯಾಟ್ ಮತ್ತು ಮೊದಲ ಕ್ಲಾರಿನೆಟ್. ಟ್ರಂಪೆಟ್ ಅಲ್ಲಿಗೂ ಬರಬೇಕೆಂದರೆ ಬರೆದ ಎ ತನಕ ಹೋಗಬೇಕಾದೀತು, ನಿಮ್ಮ ಪಟ್ಟಿ ತೆಗೆದು ನೋಡಿ. ಕೊಳಲಿಗೆ ದರೊಮದ್ ಕೊಡಬೇಡಿ, ಅದರ ತಳದ ಸ್ಥಾಯಿ ಬ್ಯಾಂಡಿನ ನಡುವೆ ಕೇಳುವುದೇ ಇಲ್ಲ.

ಅಲಂಕಾರವನ್ನು ಎಲ್ಲರಿಗೂ ಬರೆಯಬೇಡಿ. ಒಂದು ಗುಂಪಿನಲ್ಲಿ ಒಬ್ಬರಿಗೆ ಅಥವಾ ಇಬ್ಬರಿಗೆ ಸಾಕು. ಸ್ಯಾಕ್ಸೋಫೋನಿನಲ್ಲಿ ತುಟಿ, ಕೀಲಿ ಬಳಸಿ ಸ್ವರ ಜಾರಿಸುವುದು ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದ ಆಟಗಾರರಿಗೆ ಹೊಸದಲ್ಲ. ಅಂಥವರಿದ್ದರೆ ನೊಲಾ ಅವರಿಗೇ ಇರಲಿ, ಆದರೆ ಜಾರು ಚಿಕ್ಕದಿರಬೇಕು ಎಂದು ಮೊದಲೇ ಹೇಳಿ.

## ಹಂತ 6: ಈಗ, ಬೇಕಿದ್ದರೆ, ಹಾರ್ಮೊನಿ

ಇಲ್ಲಿಯವರೆಗಿನ ಸ್ಕೋರನ್ನು ಒಮ್ಮೆ ಪೂರ್ತಿ ಕೇಳಿ. ತಾಳ, ಏಕದನಿಯ ರಾಗ, ಬದಲಾಗುವ ಬಣ್ಣ. ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಇನ್ನೇನೂ ಬೇಡ ಎನಿಸಬೇಕು. ಬೇಕೆನಿಸಿದ ಕಡೆ ಈ ಸಾಲಿನಲ್ಲಿ ಪ್ರಯತ್ನಿಸಿ.

ಮೊದಲು ಶ್ರುತಿ: ಟ್ಯೂಬಾ ಮತ್ತು ಯೂಫೋನಿಯಂನಲ್ಲಿ ಸಿ–ಜಿ. ಟ್ಯೂಬಾದವರು “ನನಗೆ ಎರಡೇ ಸ್ವರವಾ?” ಎಂದು ಕೇಳುತ್ತಾರೆ. ಹೌದು. ಸಾಲದಿದ್ದರೆ ದುತಾರ್‌ನ ಹಾಗೆ ರಾಗದ ಕೆಳಗೆ ನಾಲ್ಕು, ಐದರ ಸಮಾನಾಂತರ. ಹಾರ್ಮೊನಿ ಪುಸ್ತಕ ಬೇಡವೆನ್ನುವ ಸಮಾನಾಂತರ ಐದುಗಳು ಇಲ್ಲಿ ಬೇಕಾದವೇ. ಮೂರನೆಯ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ: ಒಂದೇ ರಾಗವನ್ನು ಮೂರು ಗುಂಪು ಒಟ್ಟಿಗೆ ನುಡಿಸುವುದು, ಪ್ರತಿಯೊಬ್ಬರೂ ತಮ್ಮ ರೀತಿಯಲ್ಲಿ. ಸ್ಯಾಕ್ಸುಗಳಿಗೆ ಅಸ್ಥಿಪಂಜರ ಮಾತ್ರ, ಕ್ಲಾರಿನೆಟ್‌ಗೆ ಹಾಡಿದ ಹಾಗೆ, ಕೊಳಲಿಗೆ ಪೂರ್ತಿ ಅಲಂಕಾರ. ಅಲ್ಲಲ್ಲಿ ಉಜ್ಜಿಕೊಳ್ಳುವ ಸ್ವರಗಳನ್ನು ತಿದ್ದಬೇಡಿ, ರುಚಿ ಅಲ್ಲೇ ಇದೆ.

ಕೊನೆಗೆ, ತೀರಾ ಬೇಕಾದಲ್ಲಿ ಮಾತ್ರ, ಕಾರ್ಡ್. ಅಲ್ಲಿ ಒಂದೇ ನಿಷೇಧ: ನಿಷಾದವನ್ನು ಬದಲಿಸಬೇಡಿ. ಮನೆ ಸ್ವರ ಸಿ ಇದ್ದಾಗ, ಮುಕ್ತಾಯಕ್ಕೆ ಮೊದಲು ಅಭ್ಯಾಸಬಲದಿಂದ ಜಿ ಮೇಜರ್ ಕಾರ್ಡ್ ಬರೆಯುತ್ತಾರೆ, ಬಿ ಫ್ಲ್ಯಾಟ್ ಹೋಗಿ ಬಿ ನ್ಯಾಚುರಲ್ ಬರುತ್ತದೆ. ಕೈಶಿಕಿ ನಿಷಾದ ಕಾಕಲಿಯಾಗಿ ಖರಹರಪ್ರಿಯ ಗೌರಿಮನೋಹರಿಯಾಯಿತು, ಹಾಡು ಬೇರೆಯೇ ಆಯಿತು. ಬಿ ಫ್ಲ್ಯಾಟ್‌ನಿಂದ ಸಿಗೆ, ಅಥವಾ ಎಫ್‌ನಿಂದ ಸಿಗೆ ಬನ್ನಿ. ಕೊನೆಯ ಕಾರ್ಡಿನಲ್ಲಿ ಗಾಂಧಾರವನ್ನು ಬಿಟ್ಟು ಸಿ–ಜಿ ಮಾತ್ರ ಉಳಿಸಿ.

ಎಚ್ಚರಿಕೆಯ ಸೂಚನೆಗಳು: ಪ್ರತಿ ಬಾರ್‌ಗೂ ಕಾರ್ಡ್ ಬದಲಾಗುತ್ತಿದೆ. ಟ್ಯೂಬಾ ಓಂಪಾ ಓಂಪಾ ಎನ್ನುತ್ತಿದೆ. ನಾಲ್ಕು ಹಾರ್ನ್‌ಗಳೂ ಆಫ್‌ಬೀಟ್ ಹಿಡಿದಿವೆ. ಇವುಗಳಲ್ಲಿ ಯಾವುದು ಕಂಡರೂ ಆ ಪುಟದ ಹಾರ್ಮೊನಿ ಪೂರ್ತಿ ಅಳಿಸಿ ಶ್ರುತಿಯಿಂದ ಮತ್ತೆ ಶುರು ಮಾಡಿ. ತೇಪೆ ಹಾಕಲು ಹೋದರೆ ಹೆಚ್ಚು ಹೊತ್ತು ಹಿಡಿಯುತ್ತದೆ.

## ಹಂತ 7: ಪಾರ್ಟುಗಳು ಮತ್ತು ಉಸಿರು

ದುತಾರ್‌ಗೆ ಉಸಿರು ಬೇಡ, ಆಟಗಾರರಿಗೆ ಬೇಕು. ಉದ್ದ ಸಾಲುಗಳಲ್ಲಿ ಮೊದಲನೆಯವರು ಎಲ್ಲಿ, ಎರಡನೆಯವರು ಎಲ್ಲಿ ಉಸಿರು ತೆಗೆಯಬೇಕೆಂದು ಬೇರೆ ಬೇರೆ ಜಾಗದಲ್ಲಿ ಗುರುತು ಹಾಕಿ. ಪದದ ನಡುವೆ ಮಾತ್ರ ಬೇಡ. ಶ್ರುತಿ ಹಿಡಿದವರಿಗೆ “ಒಟ್ಟಿಗೆ ಉಸಿರು ಬೇಡ” ಎಂದು ಬರೆಯಿರಿ. ಓಬೊ ಸಾಲನ್ನು ಬೇರೊಬ್ಬರ ಪಾರ್ಟಿನಲ್ಲೂ ಚಿಕ್ಕದಾಗಿ (ಕ್ಯೂ) ಬರೆದಿರಲಿ. ಪ್ರತಿ ಪಾರ್ಟಿನಲ್ಲೂ ಬಾರ್ ಸಂಖ್ಯೆ, ಜೊತೆಗೆ ದರೊಮದ್, ಅವ್ಜ್ ಎಂಬ ಹೆಸರುಗಳನ್ನೂ ಮುದ್ರಿಸಿ. ತಾಲೀಮಿನಲ್ಲಿ “ಅವ್ಜ್‌ನಿಂದ” ಎಂದರೆ ಎಲ್ಲರಿಗೂ ಗೊತ್ತಾಗಬೇಕು.

## ಹಂತ 8: ತಾಲೀಮಿನ ಕ್ರಮ

ಮೊದಲ ದಿನ ವಾದ್ಯ ಪೆಟ್ಟಿಗೆಯಿಂದ ಹೊರಗೆ ಬರುವುದು ಬೇಡ. ಎಲ್ಲರೂ ಬುಂ–ಬಕ್ ಹೇಳಲಿ, ತಟ್ಟಲಿ, ಆಮೇಲೆ ರಾಗ ಹಾಡಲಿ. ನಾಚಿಕೆ ಪಡುತ್ತಾರೆ, ಹತ್ತು ನಿಮಿಷಕ್ಕೆ ಹೋಗುತ್ತದೆ. ನಂತರ ತಾಳವಾದ್ಯದೊಂದಿಗೆ ಇಡೀ ಬ್ಯಾಂಡು ಏಕದನಿಯಲ್ಲಿ ರಾಗ ನುಡಿಸಲಿ, ಟ್ಯೂಬಾ ಸಹಿತ. ಯಾರ ಪಾರ್ಟಿನಲ್ಲಿ ರಾಗ ಇಲ್ಲವೋ ಅವರಿಗೂ ಒಂದು ಹಾಳೆಯಲ್ಲಿ ಬರೆದು ಕೊಡಿ. ಅದಾದ ಮೇಲೆ ಬರೆದ ಪಾರ್ಟು.

ತಾಲೀಮಿನಲ್ಲಿ ಎರಡು ಅಪಾಯ. ವೇಗ ತಾನಾಗಿಯೇ ಏರುವುದು: ಲಜ್ಗಿಯಂತಹ ಕುಣಿತದಲ್ಲಿ ಏರಿಕೆ ಉದ್ದೇಶಪೂರ್ವಕ, ಬೇರೆಡೆ ಅದು ಅವಸರ. ಏರಬೇಕಾದ ಕಡೆ ಮೆಟ್ರೊನೋಮ್ ಅಂಕಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ. ಇನ್ನೊಂದು, ದೊಯ್ರಾ ಕೇಳದಿರುವುದು. ಅದನ್ನು ತಾಳವಾದ್ಯಗಳ ಹಿಂದಿನ ಸಾಲಿನಲ್ಲಿ ಕೂರಿಸಬೇಡಿ, ಕಂಡಕ್ಟರ್‌ನ ಪಕ್ಕಕ್ಕೆ ತನ್ನಿ. ಆಗಲೂ ಕೇಳದಿದ್ದರೆ ಮೈಕ್ ಇಡುವ ಮೊದಲು ಮೇಲಿನ ಸಾಲುಗಳಲ್ಲಿ ಯಾರನ್ನು ನಿಲ್ಲಿಸಬಹುದು ನೋಡಿ.

## ಹಂತ 9: ವೇದಿಕೆ ಹತ್ತುವ ಮುನ್ನ ಒಂದು ಪರೀಕ್ಷೆ

ಕಾರ್ಯಕ್ರಮ ಪತ್ರಿಕೆಯಲ್ಲಿ ಪ್ರದೇಶ, ಪ್ರಕಾರ, ನೀವು ಯಾವ ಮೂಲದಿಂದ ಬರೆದುಕೊಂಡಿರಿ ಎಂಬ ಮೂರನ್ನೂ ನಮೂದಿಸಿ. ಹಾಡಿನ ಉಜ್ಬೆಕ್ ಹೆಸರನ್ನೇ ಇಡಿ. “ರೇಷ್ಮೆ ದಾರಿಯ ಕನಸು” ಥರದ್ದು ಬೇಡ.

ಆಮೇಲೆ ತಾಲೀಮಿನ ಧ್ವನಿಮುದ್ರಣವನ್ನು ಉಜ್ಬೆಕ್ ಸಂಗೀತ ಕೇಳಿ ಬೆಳೆದ ಒಬ್ಬರಿಗಾದರೂ ಕಳಿಸಿ. “ಹೇಗಿದೆ?” ಎಂದು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾರೆ, ಅದು ಅವರ ಅತಿಥಿ ಸತ್ಕಾರ. ಕೇಳುತ್ತ ಕೈ ತಟ್ಟಲು ಹೇಳಿ, ಆ ತಟ್ಟುವಿಕೆಯನ್ನು ರೆಕಾರ್ಡ್ ಮಾಡಿ ಕಳಿಸಲು ಹೇಳಿ. ಅವರ ಕೈ ನಿಮ್ಮ ಬುಂ ಬೀಳುವ ಕಡೆಯೇ ಬಿದ್ದರೆ ಪಾರ್ಟುಗಳನ್ನು ಮುದ್ರಣಕ್ಕೆ ಕೊಡಿ. ಎಲ್ಲಿ ಅವರ ಕೈ ತಡವರಿಸುತ್ತದೋ ಆ ಬಾರ್ ಸಂಖ್ಯೆ ಬರೆದುಕೊಂಡು ಎರಡನೇ ಹಂತಕ್ಕೆ ವಾಪಸ್ ಹೋಗಿ.